ಹಗ್ಗದ ಮೇಲಿನ ವಲ್ಲಿ

೧೯೩೪ ಜನವರಿ ೩, ಬುಧವಾರ

ನನ್ನ ಮಗ ಗುರುಮಲ್ಲ ಹೋಗಿ ಇವತ್ತಿಗೆ ಆರು ದಿನ. ಮನೆ ತುಂಬ ಜನ. ಒಬ್ಬರ ಮಾತೂ ಕೇಳಲಾರದೆ ಹಿತ್ತಿಲಿಗೆ ಬಂದು ಕೂತಿದ್ದೇನೆ. ನಮ್ಮೂರು ಕೋಟೆಯ ಶಾಲೆಯಲ್ಲಿ ನಾಲ್ಕು ವರ್ಷ ಓದಿದವನು ನಾನು. ಮೈಸೂರಿನ ಮೃಗಶಾಲೆಗೆ ಕಾಡುಪ್ರಾಣಿ ಸಾಕುವ ದೊಡ್ಡಿಯಲ್ಲಿ ಮೇವಿನ ಪುಸ್ತಕ ಬರೆಯುವುದು ಬಿಟ್ಟರೆ ಬೇರೇನೂ ಬರೆದವನಲ್ಲ. ಮುಂದಿನ ತಿಂಗಳು ಆರನೇ ತಾರೀಕು ಅಮಲ್ದಾರರು ದೊಡ್ಡಿಗೇ ಬಂದು ವಿಚಾರಣೆ ಮಾಡುತ್ತಾರಂತೆ. ಅವರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆದು ನೋಡುತ್ತೇನೆ.

ಹುಲಿ ಮನೆಗೆ ಎರಡು ಭಾಗ. ಒಳಗೆ ಕತ್ತಲೆ ಕೋಣೆ, ಹೊರಗೆ ಸರಳು ಹಾಕಿದ ಅಂಗಳ. ನಡುವೆ ಮತ್ತಿ ಹಲಗೆಯ ಬಾಗಿಲು. ಅದನ್ನು ಗೋಡೆಯ ಹಿಂದೆ ನಿಂತು ಹಗ್ಗ ಎಳೆದು ಎತ್ತಬೇಕು. ಹಗ್ಗ ಕಟ್ಟುವ ಕಂಬದ ಹತ್ತಿರ ನಿಂತವನಿಗೆ ಅಂಗಳ ಕಾಣುವುದಿಲ್ಲ. ಆದ್ದರಿಂದ ಅಂಗಳ ಗುಡಿಸಲು ಹೋಗುವವನು ಹುಲಿಯನ್ನು ಒಳಗೆ ಕೂಡಿದ ಮೇಲೆ ತನ್ನ ಹೆಗಲ ಮೇಲಿನ ಬಟ್ಟೆ, ವಲ್ಲಿಯನ್ನು, ಹಗ್ಗದ ಗಂಟಿನ ಮೇಲೆ ಕಟ್ಟಿ ಹೋಗಬೇಕು. ವಲ್ಲಿ ಇದ್ದರೆ ಅಂಗಳದಲ್ಲಿ ಆಳಿದ್ದಾನೆ. ಕಟ್ಟಿದವನೇ ಬಂದು ಬಿಚ್ಚಬೇಕು. ಜಮಾದಾರ ಹೇಳಿದರೂ ಇನ್ನೊಬ್ಬ ಮುಟ್ಟುವಂತಿಲ್ಲ. ಈ ಕಟ್ಟಳೆ ನಾನು ದೊಡ್ಡಿಗೆ ಸೇರುವ ಮೊದಲಿನಿಂದಲೂ ಇದೆ.

ಡಿಸೆಂಬರ್ ೨೯, ಶುಕ್ರವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅಂಗಳ ಗುಡಿಸುವುದು ನನ್ನ ಕೆಲಸ. ಜಿಂಕೆಗಳಿಗೆ ಸೊಪ್ಪು ಹಾಕಿ ಆಮೇಲೆ ಹೋಗುತ್ತೇನೆ. ಅವತ್ತು ಅಪ್ಪನಿಗೆ ಚಳಿಯಾಗುತ್ತದೆ ಎಂದೋ ಏನೋ, ನನಗೆ ಹೇಳದೆ ಗುರುಮಲ್ಲನೇ ಪೊರಕೆ ಹಿಡಿದು ಹೋದ. ಕರಡಿಗೆ ನೀರು ಸೇದಲು ಹೋಗಿದ್ದಾನೆ ಎಂದುಕೊಂಡಿದ್ದೆ. ನಾನು ಸೊಪ್ಪು ತರಿಯುತ್ತಿರುವಾಗ ಕೂಗು ಕೇಳಿಸಿತು. ನಾನು ಬರುವ ಹೊತ್ತಿಗೆ ದೇವಯ್ಯ ಜಮಾದಾರ ಪಂಜು ತೋರಿಸಿ ಹುಲಿಯನ್ನು ಒಳಕ್ಕೆ ಓಡಿಸಿದ್ದ. ಹೆಗಲ ಮೇಲಿದ್ದ ನನ್ನ ವಲ್ಲಿ ತೆಗೆದು ಮಗನ ಮುಖ ಮುಚ್ಚಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಬಾಗಿಲು ಎತ್ತಿದವನ ಹೆಸರು ಬರೆಯಲು ಕೈ ಬರುವುದಿಲ್ಲ. ಹಗ್ಗದವನು ಎಂದೇ ಬರೆಯುತ್ತೇನೆ. ಹಗ್ಗದ ಮೇಲೆ ವಲ್ಲಿ ಇರಲಿಲ್ಲ ಎನ್ನುತ್ತಾನೆ. ಸುಳ್ಳು. ನನ್ನ ಮಗ ವಲ್ಲಿ ಕಟ್ಟದೆ ಒಳಗೆ ಕಾಲಿಡುವವನಲ್ಲ. ಕಲಿಸಿದವನು ನಾನು. ಅವನ ನೀಲಿ ಪಟ್ಟೆಯ ವಲ್ಲಿ ದೊಡ್ಡಿಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಇವನೇ ಬಿಚ್ಚಿ ಎಲ್ಲೋ ಹೂತಿದ್ದಾನೆ.

ಜನವರಿ ೫, ಶುಕ್ರವಾರ

ರಾವಂದೂರಿನಿಂದ ನನ್ನ ಹೆಂಡತಿಯ ತಮ್ಮ ನಂಜಣ್ಣ ಬಂದಿದ್ದಾನೆ. ಬಂದಾಗಿನಿಂದ ಅವನ ಬಾಯಿಗೆ ಬಿಡುವಿಲ್ಲ.

"ಭಾವ, ಅವರಿಗೀಗ ಉಪವಾಸದ ತಿಂಗ್ಳು. ಬೆಳಗ್ನಿಂದ ತೊಟ್ಟು ನೀರು ಕುಡಿಯಾಕಿಲ್ಲ. ತಲೆ ತಿರುಗಿ ಕಣ್ಣು ಮಂಜಾಗಿರ್ತದೆ. ವಲ್ಲಿ ಕಂಡಿಲ್ಲ, ಎತ್ತವ್ನೆ. ಆಮೇಲೆ ಎದರ್ಕಂಡು ಬಿಚ್ಚಿ ಬಿಸಾಕವ್ನೆ. ಇಷ್ಟೇ ಕಣ."

ನನ್ನ ಹೆಂಡತಿ ಶಿವನಂಜಮ್ಮ ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು.

"ಕಣ್ಣು ಮಂಜಾಗಿತ್ತು ಅಂದ್ರೆ ಬುಟ್ಬುಡ್ತಾರೆ. ಬೇಕು ಅಂತ್ಲೇ ಎತ್ತವ್ನೆ ಅನ್ನಿ. ಆ ಮನೆಹಾಳ ಜಬ್ಬಾರನ ಮನೇಲೂ ಒಲೆ ಆರ್ಬೇಕು."

ಮೂರು ದಿನ ಒಂದು ಮಾತೂ ಆಡದವಳು. ಅವಳ ಗಂಟಲಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ. ಕೇಳಿ ನನಗೆ ಸಮಾಧಾನವಾಯಿತು. ಇದ್ದದ್ದನ್ನೇ ಬರೆಯುತ್ತಿದ್ದೇನೆ.

"ಹಂಗಾದ್ರೆ ಒಂದು ಮಾಡು ಭಾವ," ಎಂದ ನಂಜಣ್ಣ. "ಅವನು ಬಿಚ್ಚಿದ್ದನ್ನ ನಾನೇ ಕಣ್ಣಾರೆ ನೋಡ್ದೆ ಅಂದ್ಬುಡು. ನೋಡ್ದೋರು ಇಲ್ದೆ ಅಮಲ್ದಾರು ಏನು ಬರ್ಕೊಂಡಾರು? ಜೈಲಿಗೆ ಹೋಗ್ತಾನೆ."

ಹೇಳುತ್ತೇನೆ ಎಂದೆ.

ಜನವರಿ ೯, ಮಂಗಳವಾರ

ನಿನ್ನೆ ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಮಗನ ಗದ್ದುಗೆಗೆ ವಿಭೂತಿ ಇಟ್ಟು ಬಂದೆವು. ಮಠದಿಂದ ಬಂದ ಅಯ್ಯನವರು ಏನೇನೋ ಹೇಳಿದರು. ನನ್ನ ತಲೆಗೆ ಹೋಗಲಿಲ್ಲ.

ಇವತ್ತು ಮಧ್ಯಾಹ್ನ ಹಗ್ಗದವನ ಹೆಂಡತಿ ಜೈನಾಬಿ ಬೇಲಿಯ ಹತ್ತಿರ ಬಂದು ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಗುರುಮಲ್ಲ ಚಿಕ್ಕವನಿದ್ದಾಗ ಅವಳ ಕೈಯಲ್ಲಿ ಆಡಿದ್ದುಂಟು.

"ಅಕ್ಕಾ, ಒಂದು ಸಲ ಮಾತಾಡಕ್ಕಾ," ಎಂದಳು.

ಶಿವನಂಜಮ್ಮ ಒಳಗಿನಿಂದ ಬಂದವಳೇ, "ಯಾರ್ಗೆ ಯಾರು ಅಕ್ಕ? ನಿನ್ನ ಗಂಡನ್ಗೆ ಮೊದ್ಲು ಕೈ ತೊಳ್ಕಂಡು ಬರಾಕೇಳು. ಹೋಗು ಇಲ್ಲಿಂದ," ಎಂದು ಕೂಗಿದಳು. ಬೀದಿಯ ಜನವೆಲ್ಲ ನಿಂತು ನೋಡಿದರು. ಜೈನಾಬಿ ತಲೆ ಬಗ್ಗಿಸಿಕೊಂಡು ಹೋದಳು.

ಒಳಗೆ ಬಂದವಳೇ ಶಿವನಂಜಮ್ಮ ಬಾಗಿಲಿಗೆ ಅಗುಳಿ ಹಾಕಿ ಮೂಲೆಗೆ ಮುಖ ಮಾಡಿ ಕೂತಳು. ಸಿಟ್ಟಿಗೆ.

ಜನವರಿ ೧೦, ಬುಧವಾರ

ಕೆಲಸಕ್ಕೆ ಹೋದೆ. ದೇವಯ್ಯ ಜಮಾದಾರ ಬಾಗಿಲಲ್ಲೇ ತಡೆದ.

"ಇನ್ನೊಂದು ವಾರ ಮನೇಲಿರಬಾರ್ದೇನಯ್ಯ?"

"ಜಿಂಕೆ ಒಂದು ಕಾಲೆತ್ತಿ ಕುಂಟ್ತಾ ಅದೆ ಅಂದ್ರಲ್ಲ, ನೋಡ್ಬೇಕು."

"ನೋಡು ಸಿದ್ದಮಲ್ಲಪ್ಪ, ಈಗ್ಲೇ ಹೇಳ್ತೀನಿ. ವಿಚಾರಣೆ ಮುಗಿಯೋಗಂಟ ಇಬ್ರೂ ಇಲ್ಲೇ ಇರ್ಬೇಕು ಅಂತ ಹುಕುಂ. ಜಬ್ಬಾರನ್ನ ಬುಟ್ರೆ ಹುಲಿಗೆ ಮಾಂಸ ಹಾಕೋರಿಲ್ಲ, ನಿನ್ನ ಬುಟ್ರೆ ಗುಡಿಸೋರಿಲ್ಲ. ಉಳಿದ ಆಳ್ಗಳು ಆ ಕಡೀಕೆ ಸುಳಿಯಾಕಿಲ್ಲ ಅಂತವ್ರೆ. ನಂಗೆ ತೊಂದ್ರೆ ಕೊಡ್ಬೇಡ."

ಈ ದೊಡ್ಡಿಯಲ್ಲಿ ಕೆಲಸ ಹಂಚಿಕೊಂಡಿರುವುದು ಹೀಗೆ. ನಾವು ಲಿಂಗ ಕಟ್ಟಿದವರು, ಮಾಂಸ ಮುಟ್ಟುವುದಿಲ್ಲ. ಮಾಂಸ, ಹಗ್ಗ, ಬಾಗಿಲು ಅವನದು. ನೀರು, ಪೊರಕೆ, ಸೊಪ್ಪು ನಮ್ಮದು. ಹದಿನಾಲ್ಕು ವರ್ಷ ಇದು ಸುಸೂತ್ರವಾಗಿ ನಡೆಯಿತು. ಒಟ್ಟಿಗೆ ಎಷ್ಟು ಮೃಗಗಳನ್ನು ಸಾಕಿ ಮೈಸೂರಿನ ಮೃಗಶಾಲೆಗೆ ಕಳಿಸಿದೆವು. ಈಗ ಅದೇ ಹಗ್ಗ ಅವನ ಕೈಯಲ್ಲಿದೆ, ಒಳಗೆ ಹೋಗಬೇಕಾದವನು ನಾನು.

ನನ್ನ ವಲ್ಲಿಯನ್ನು ಏಳು ಗಂಟು ಹಾಕಿ ಕಟ್ಟಿದೆ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನ ಕಾಲ ಹತ್ತಿರ ಉಗಿದು ಒಳಗೆ ಹೋದೆ. ಪೊರಕೆಯ ಜೊತೆ ಕುಡುಗೋಲನ್ನೂ ಒಯ್ದಿದ್ದೆ. ಹಲಗೆ ಬಾಗಿಲಿಗೆ ಮುಖ ಮಾಡಿಕೊಂಡು ಹಿಂದೆ ಹಿಂದೆ ನಡೆಯುತ್ತ ಗುಡಿಸಿದೆ. ಮೂಲೆಯಲ್ಲಿ ಕಲ್ಲಿನ ಸಂದಿನಲ್ಲಿ ಕಪ್ಪಾಗಿದೆ. ಮೂರು ಸಲ ನೀರು ಹಾಕಿ ಉಜ್ಜಿದೆ. ಹೋಗಲಿಲ್ಲ.

ಹುಲಿಯ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ಎತ್ತಿದರೆ ಈಚೆ ಬರುವುದೇ ಹುಲಿ.

ಜನವರಿ ೧೨, ಶುಕ್ರವಾರ

ಸಂಜೆ ಹೊತ್ತು ಮುಳುಗುವಾಗ ಹಗ್ಗದವನು ಬಾವಿಯ ಹತ್ತಿರ ಕೂತು ಖರ್ಜೂರ, ನೀರು ಎದುರಿಗಿಟ್ಟುಕೊಂಡು ಕಾಯುತ್ತಾನೆ. ಸರಿಯಾಗಿ ಆ ಹೊತ್ತಿಗೆ, ಕಾಡಿನಿಂದ ಹಿಡಿದು ತಂದ ಕಾಟಿ ಕರು ಬೇಲಿ ಮುರಿಯುತ್ತಿದೆ ಎಂದು ದೇವಯ್ಯನಿಗೆ ಹೋಗಿ ಹೇಳಿದೆ. ಮುರಿಯುತ್ತಿರಲಿಲ್ಲ. ನಾನೇ ಎರಡು ಗಳ ಸಡಿಲಿಸಿ ಬಂದಿದ್ದೆ. ದೇವಯ್ಯ ಅವನನ್ನು ಕರೆದ. ನೀರು ಮುಟ್ಟದೆ ಎದ್ದು ಬಂದು ಬೇಲಿ ಕಟ್ಟಿದ. ಮುಗಿಯುವಾಗ ನಕ್ಷತ್ರ ಬಂದಿತ್ತು.

ನಿನ್ನೆಯೂ ಹೀಗೇ ಮಾಡಿದೆ. ನಾಳೆಗೆ ಇನ್ನೊಂದು ಯೋಚಿಸಿಟ್ಟಿದ್ದೇನೆ.

ಗಳ ಸಡಿಲಿಸಿದ್ದು ನಾನೇ ಎಂದು ಅವನಿಗೆ ಗೊತ್ತು. ಗಂಟು ನೋಡಿ ತಿಳಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಹೊಡೆಯಬಹುದಾಗಿತ್ತು.

ಜನವರಿ ೧೭, ಬುಧವಾರ

ಇವತ್ತು ಅವರ ಹಬ್ಬ. ಬರುವುದಿಲ್ಲ ಎಂದುಕೊಂಡಿದ್ದೆ. ನಮಾಜು ಮುಗಿಸಿ ನೇರವಾಗಿ ಮಾಂಸದ ಬುಟ್ಟಿ ಹೊತ್ತು ಬಂದ. ಹಳೇ ಅಂಗಿಯನ್ನೇ ತೊಟ್ಟಿದ್ದ. ಬುಟ್ಟಿ ಇಳಿಸಿ ನನ್ನ ಎದುರಿಗೆ ಬಂದು ನಿಂತ.

"ಸಿದ್ದಣ್ಣ, ಇವತ್ತಾದ್ರೂ ಒಂದು ಮಾತು ಕೇಳು. ನಾನು ಕಂಬದ ಹತ್ರ ಬಂದಾಗ ಹಗ್ಗ ಬರೀದಾಗಿತ್ತು. ವಲ್ಲಿ ಇರ್ಲಿಲ್ಲ. ನಾನು ನೋಡ್ದೆ. ನೋಡ್ದೆ ಅಂತ್ಲೇ ಅನ್ಕಂಡಿದ್ದೀನಿ."

"ಅನ್ಕಂಡಿದ್ದೀಯಾ?"

ಅವನ ಕಣ್ಣು ಕೆಂಪಗಿದ್ದವು. ಬುಟ್ಟಿ ಎತ್ತಿಕೊಂಡು ಹೋದ.

ಅಂದುಕೊಂಡಿದ್ದಾನಂತೆ! ಇದೊಂದು ಮಾತು ಸಾಕು. ಅಮಲ್ದಾರರ ಮುಂದೆ ಇದನ್ನೂ ಹೇಳುತ್ತೇನೆ.

ಜನವರಿ ೨೧, ಭಾನುವಾರ

ಬೆಳಿಗ್ಗೆ ಒಲೆಗೆ ಸೌದೆ ತೆಗೆಯುವಾಗ ಅಟ್ಟದ ಹಿಂದಿನ ಸಂದಿನಲ್ಲಿ ಬಟ್ಟೆಯೊಂದು ಕೈಗೆ ಸಿಕ್ಕಿತು. ಎಳೆದೆ. ನೀಲಿ ಪಟ್ಟೆಯ ವಲ್ಲಿ. ಗುರುಮಲ್ಲನದು.

ಚಳಿಗಾಲದಲ್ಲಿ ಒಲೆಯ ಮೇಲಿನ ಗಳಕ್ಕೆ ಬಟ್ಟೆ ಒಣಗಲು ಹಾಕುತ್ತೇವೆ. ಅಲ್ಲಿಂದ ಜಾರಿ ಬಿದ್ದಿದೆ. ಹಾಗಾದರೆ ಅವತ್ತು ಅವನು ಅದನ್ನು ಒಯ್ದೇ ಇಲ್ಲ.

ಹಗ್ಗದವನು ನಿಜ ಹೇಳಿದ್ದಾನೆ. ನನ್ನ ಮಗ ವಲ್ಲಿ ಕಟ್ಟದೆ ಒಳಗೆ ಹೋಗಿದ್ದಾನೆ. ಇಪ್ಪತ್ತು ವರ್ಷದ ಮಗ, ಮೂರು ವರ್ಷದಿಂದ ನನ್ನ ಜೊತೆ ಕೆಲಸ ಮಾಡಿದವನು, ಮೊದಲ ಕಟ್ಟಳೆಯನ್ನೇ ಮರೆತು ಸತ್ತ ಎಂದು ಕೋಟೆಯಲ್ಲೆಲ್ಲ ಆಡಿಕೊಳ್ಳುತ್ತಾರೆ.

ಶಿವನಂಜಮ್ಮ ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ಅವತ್ತು ಅವನು ಹೆಗಲ ಮೇಲೆ ಏನು ಹಾಕ್ಕೊಂಡು ಹೋದ?" ಎಂದು ಕೇಳಿದೆ.

"ನಂಗೇನು ಗೊತ್ತು? ಮಂಜ್ನಲ್ಲಿ ಎದ್ದೋದ."

ಅಷ್ಟು ಹೇಳಿ ನನ್ನ ಕೈಯಿಂದ ವಲ್ಲಿಯನ್ನು ಕಿತ್ತುಕೊಂಡು ಒಲೆಗೆ ಹಾಕಿದಳು. ಅದು ಹೊತ್ತಿಕೊಳ್ಳುವವರೆಗೆ ಕೋಲಿನಿಂದ ಒತ್ತಿ ಹಿಡಿದಳು. "ಇದನ್ನ ಯಾರೂ ನೋಡಿಲ್ಲ. ನೀವೂ ನೋಡಿಲ್ಲ," ಎಂದಳು.

ಮಗನ ಹೆಸರು ಉಳಿಸಿದಳು. ನನಗೆ ಅಷ್ಟು ಧೈರ್ಯ ಇರಲಿಲ್ಲ.

ಜನವರಿ ೨೩, ಮಂಗಳವಾರ

ನಂಜಣ್ಣ ಹೇಳಿಕೊಟ್ಟಂತೆಯೇ ಹೇಳುವುದು. ಸತ್ತ ಮಗನನ್ನು ಜನರ ಬಾಯಿಗೆ ಹಾಕಲಾರೆ. ಅವನಿಗೆ ಜೈಲಾದರೆ ಆಗಲಿ. ಬಾಗಿಲು ಎತ್ತಿದ್ದು ಅವನೇ ತಾನೇ?

ಜನವರಿ ೨೬, ಶುಕ್ರವಾರ

ಜಿಂಕೆಯ ಕಾಲಿನ ಹುಣ್ಣಿಗೆ ಬೇವಿನೆಣ್ಣೆ ಹಚ್ಚಿ ಬರುವಾಗ ಕಂಡದ್ದು.

ಹಗ್ಗದವನು ಹುಲಿ ಮನೆಯ ಹಿಂದೆ ಒಬ್ಬನೇ ಇದ್ದ. ತನ್ನ ತಲೆಯ ಬಟ್ಟೆ ಬಿಚ್ಚಿ ಹಗ್ಗದ ಗಂಟಿನ ಮೇಲೆ ಕಟ್ಟಿದ. ಹತ್ತು ಹೆಜ್ಜೆ ಹಿಂದೆ ಬಂದು ತಿರುಗಿ ನಿಂತ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಆಮೇಲೆ ಇನ್ನೊಂದು ಕಣ್ಣು. ಇನ್ನೂ ಹತ್ತು ಹೆಜ್ಜೆ ಹಿಂದೆ ಬಂದ. ಮತ್ತೆ ನೋಡಿದ. ಆಮೇಲೆ ಬಟ್ಟೆ ಬಿಚ್ಚಿ ಬರೀ ಹಗ್ಗವನ್ನು ನೋಡಿದ. ಮತ್ತೆ ಕಟ್ಟಿದ.

ಜಿಂಕೆ ದೊಡ್ಡಿಯ ಬೇಲಿ ಹಿಡಿದು ನೋಡುತ್ತ ನಿಂತಿದ್ದೆ. ನಗು ಬರಬೇಕಾಗಿತ್ತು.

ಇದನ್ನು ಮೊದಲೂ ಮಾಡುತ್ತಿದ್ದನಂತೆ. "ದಿನಾ ಮಾಡ್ತಾನೆ ಕಣಯ್ಯ. ನನ್ನ ಕಣ್ಣು ಸರಿಯಾಗವಾ ನೋಡಿ ಜಮಾದಾರ್ರೇ ಅಂತಾನೆ. ಉಪವಾಸದಲ್ಲಿ ಏನಾದ್ರೂ ಆಗಿತ್ತೇನೋ ಅಂತಾನೆ. ನಾನೇನು ಡಾಕ್ಟ್ರಾ?" ಎಂದ ದೇವಯ್ಯ.

ಬೇಲಿಯ ಗಳ ಸಡಿಲಿಸುವುದನ್ನು ಬಿಟ್ಟಿದ್ದೇನೆ. ಉಪವಾಸದ ತಿಂಗಳು ಮುಗಿಯಿತಲ್ಲ, ಅದಕ್ಕೆ.

ಜನವರಿ ೩೦, ಮಂಗಳವಾರ

ಕಾಟಿ ಕರು ನೀರು ಕುಡಿಯುತ್ತಿಲ್ಲ. ಕರಡಿಗೆ ರಾಗಿ ಅಂಬಲಿ, ಬೆಲ್ಲ. ಅಂಗಳ ಗುಡಿಸಿದೆ. ಕುಡುಗೋಲು ಒಯ್ಯಲು ಮರೆತೆ.

ಫೆಬ್ರವರಿ ೨, ಶುಕ್ರವಾರ

ಕರಡಿ ಮನೆಗೆ ಸುಣ್ಣ ಹೊಡೆಸಬೇಕೆಂದು ದೇವಯ್ಯ ಅಲ್ಲಿದ್ದ ಹಳೇ ಸಾಮಾನೆಲ್ಲ ಹೊರಗೆ ಹಾಕಿಸಿದ. ಮಧ್ಯಾಹ್ನ ಒಂದು ಕಂಬಳಿ ತಂದು ನನ್ನ ಮುಂದೆ ಎಸೆದ.

"ತಗಳಯ್ಯ, ನಿಂದೇ. ಅವತ್ತು ಬೆಳಿಗ್ಗೆ ಹೊದ್ಕಂಡು ಬಂದು ಕರಡಿ ಮನೆ ಮೊಳೇಗೆ ಹಾಕಿದ್ದೆ. ತಿಂಗ್ಳಾಯ್ತು, ಇಲಿ ತಿಂದವೆ."

ಹೌದು, ಅವತ್ತು ಕಂಬಳಿ ಹೊದ್ದು ಬಂದಿದ್ದೆ. ಹೊರಡುವಾಗ ವಲ್ಲಿಗೆ ಕೈ ಹಾಕಿದ್ದೆ. ಕಂಬಳಿ ಇದೆಯಲ್ಲ, ಅದೂ ಯಾಕೆ ಎಂದು ಶಿವನಂಜಮ್ಮ ಗಳದ ಮೇಲೇ ಬಿಡಿಸಿದಳು. ಕಂಬಳಿ ಒಂದರಲ್ಲೇ ಬಂದೆ.

ವಲ್ಲಿ ಇಲ್ಲದೆ ಬಂದವನ ಹೆಗಲ ಮೇಲೆ ವಲ್ಲಿ ಎಲ್ಲಿಂದ ಬಂತು? ಮಗನ ಮುಖ ಮುಚ್ಚಿದೆನಲ್ಲ, ಯಾವುದರಿಂದ ಮುಚ್ಚಿದೆ?

ಬಾವಿಯ ಕಟ್ಟೆಯ ಮೇಲೆ ಕೂತೆ. ಒಂದೊಂದೇ ನೆನಪಾಯಿತು. ಬಿಸಿಲು ಬಂದ ಮೇಲೆ ಕಂಬಳಿಯನ್ನು ಮೊಳೆಗೆ ಹಾಕಿದೆ. ಕುಡುಗೋಲು ಹಿಡಿದು ಜಿಂಕೆ ದೊಡ್ಡಿಗೆ ಹೋಗುವ ದಾರಿಯಲ್ಲಿ ಹಗ್ಗದ ಕಂಬ. ಕೆಂಪು ಅಂಚಿನ ನನ್ನ ವಲ್ಲಿ ಕಂಬದ ಮೇಲಿತ್ತು. ಗಳದ ಮೇಲೆ ಬಿಟ್ಟು ಬಂದದ್ದು ಆ ಹೊತ್ತಿಗೆ ನೆನಪೇ ಆಗಲಿಲ್ಲ, ನಿನ್ನೆ ಬಿಚ್ಚುವುದು ಮರೆತಿದ್ದೇನೆ ಎಂದುಕೊಂಡೆ. ವಲ್ಲಿ ನನ್ನದು. ನಾನಂತೂ ಹೊರಗೇ ಇದ್ದೇನೆ. ನಾನು ಹೊರಗಿದ್ದ ಮೇಲೆ ಒಳಗೆ ಯಾರಿರುತ್ತಾರೆ? ಬಿಚ್ಚಿದೆ. ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡೆ. ಮುಂದೆ ಹೋದೆ.

ಗುರುಮಲ್ಲನ ವಲ್ಲಿ ಒಣಗಿರಲಿಕ್ಕಿಲ್ಲ. ಆದ್ದರಿಂದ ನನ್ನದನ್ನು ಹಾಕಿಕೊಂಡು ಬಂದಿದ್ದ. ನಾನು ಕಲಿಸಿದ ಹಾಗೆಯೇ ಕಟ್ಟಿ ಒಳಗೆ ಹೋಗಿದ್ದ.

ನನ್ನ ಮಗ ಕಟ್ಟಳೆ ತಪ್ಪಲಿಲ್ಲ. ಜಬ್ಬಾರ್ ಸುಳ್ಳು ಹೇಳಲಿಲ್ಲ. ಜಬ್ಬಾರನ ಕಣ್ಣು ಸರಿಯಾಗಿಯೇ ಇವೆ.

ಫೆಬ್ರವರಿ ೪, ಭಾನುವಾರ

ಎರಡು ದಿನದಿಂದ ಊಟ ಸೇರುತ್ತಿಲ್ಲ. ನಂಜಣ್ಣ ಮತ್ತೆ ಬಂದಿದ್ದಾನೆ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ತಾನೇ ಅಮಲ್ದಾರನಾಗಿ ಪ್ರಶ್ನೆ ಕೇಳುತ್ತಾನೆ.

"ಎಷ್ಟು ದೂರದಲ್ಲಿ ನಿಂತಿದ್ದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಆಯ್ತದಾ ಭಾವ? ಮೂವತ್ತು ಮಾರು ಅನ್ನು. ಯಾವ ಕೈಲಿ ಬಿಚ್ದ?"

ನಾನು ನನ್ನ ಕೈ ನೋಡಿಕೊಂಡೆ. "ಬಲಗೈ," ಎಂದೆ.

"ಹಾಂ, ಹಿಂಗೆ! ಈಗ ನೋಡು, ಎಷ್ಟು ಸಲೀಸಾಗಿ ಬಂತು."

ಅವನು ನಕ್ಕ. ನನಗೆ ಅವನ ಕತ್ತು ಹಿಸುಕಬೇಕೆನ್ನಿಸಿತು.

ನಿಜ ಹೇಳಿದರೆ ಶಿವನಂಜಮ್ಮನಿಗೂ ತಿಳಿಯುತ್ತದೆ. ಗಳದ ಮೇಲೆ ನನ್ನ ವಲ್ಲಿಯನ್ನು ಬಿಡಿಸಿದವಳು ಅವಳು. ಅದನ್ನು ಗುರುಮಲ್ಲ ತೆಗೆದುಕೊಂಡ. ತಿಳಿದರೆ ಅವಳು ಉಳಿಯುವುದಿಲ್ಲ. ಮಗನ ಜೊತೆ ಅವಳನ್ನೂ ಕಳೆದುಕೊಳ್ಳುತ್ತೇನೆ. ಹೇಳದಿದ್ದರೆ ಜಬ್ಬಾರ್ ಜೈಲಿಗೆ. ಮೂರು ಹೆಣ್ಣು ಮಕ್ಕಳು ಅವನಿಗೆ.

ಅವನು ಹದಿನಾಲ್ಕು ವರ್ಷದಲ್ಲಿ ನನಗೆ ಮಾಡಿದ ಒಂದೇ ಒಂದು ಕೆಡುಕು ಹುಡುಕುತ್ತಿದ್ದೇನೆ. ಸಿಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಫೆಬ್ರವರಿ ೬, ಮಂಗಳವಾರ

ಅಮಲ್ದಾರರು ಹತ್ತು ಗಂಟೆಗೆ ಬಂದರು. ಮಾವಿನ ಮರದ ಕೆಳಗೆ ಮೇಜು ಹಾಕಿದ್ದರು. ಗುಮಾಸ್ತ ಬರೆಯಲು ಕೂತಿದ್ದ. ಊರಿನ ಜನ ಬೇಲಿಯಾಚೆ ನಿಂತಿದ್ದರು. ಶಿವನಂಜಮ್ಮನೂ ಇದ್ದಳು.

ಜಬ್ಬಾರನನ್ನು ಮೊದಲು ಕೇಳಿದರು. ಅವನು ಕೈಕಟ್ಟಿ ನಿಂತು ಹೇಳಿದ, "ಬುದ್ಧೀ, ವಲ್ಲಿ ಇರ್ಲಿಲ್ಲ ಅಂತ್ಲೇ ಅವತ್ತು ಹೇಳ್ದೆ. ಈಗ ಆಣೆ ಮಾಡಿ ಹೇಳು ಅಂದ್ರೆ ಆಗಾಕಿಲ್ಲ. ನಲ್ವತ್ತು ದಿನದಿಂದ ಯೋಚ್ನೆ ಮಾಡಿ ಮಾಡಿ ಇದ್ದಂಗೂ ಕಾಣ್ತದೆ. ನಾನೇ ನೋಡಿಲ್ವೇನೋ. ತಮಗೆ ತೋಚಿದ ಶಿಕ್ಷೆ ಕೊಡಿ."

ಬೇಲಿಯಾಚೆ ಗುಜುಗುಜು ಎದ್ದಿತು. ನಂಜಣ್ಣ ನನ್ನ ಬೆನ್ನಿಗೆ ತಿವಿದ. ಇನ್ನೇನು, ನಾನು ಸುಮ್ಮನಿದ್ದರೂ ಸಾಕಾಗಿತ್ತು. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ.

"ಸಿದ್ದಮಲ್ಲಪ್ಪ, ನೀನು ಕಂಡದ್ದೇನು?" ಎಂದರು ಅಮಲ್ದಾರರು.

"ವಲ್ಲಿ ಇತ್ತು ಬುದ್ಧಿ," ಎಂದೆ. "ಬಿಚ್ಚಿದ್ದನ್ನ ಕಂಡಿದ್ದೀನಿ."

"ಯಾರು ಬಿಚ್ಚಿದರು?"

"ನಾನು."

ಗುಮಾಸ್ತನ ಲೇಖನಿ ನಿಂತಿತು. ಉಳಿದದ್ದನ್ನೆಲ್ಲ ಹೇಳಿದೆ. ಕಂಬಳಿ, ಮೊಳೆ, ಕೆಂಪು ಅಂಚು. ಎಲ್ಲಿಯೂ ತಡವರಿಸಲಿಲ್ಲವಂತೆ, ದೇವಯ್ಯ ಹೇಳಿದ. ಅಮಲ್ದಾರರು ಅಪಘಾತ ಎಂದು ಬರೆಸಿದರು. ಇಬ್ಬರೂ ಕೆಲಸದಲ್ಲಿರಲಿ ಎಂದರು.

ಜಬ್ಬಾರ್ ನನ್ನ ಹತ್ತಿರ ಬಂದ. ಕಾಲಿಗೆ ಬೀಳುತ್ತಾನೋ, ತಬ್ಬಿಕೊಳ್ಳುತ್ತಾನೋ ಎಂದು ಜನ ನೋಡುತ್ತಿದ್ದರು. ಎಲ್ಲರೆದುರಿಗೆ ನನ್ನ ಕೆನ್ನೆಗೆ ಹೊಡೆದ.

"ನನ್ನ ಕಣ್ಣನ್ನ ನಾನೇ ನಂಬ್ದಂಗೆ ಮಾಡ್ದೆಯಲ್ಲೋ! ರಾತ್ರಿ ಹಗಲು ಆ ಕೂಸಿನ ಮೊಕ ನನ್ನ ಮುಂದಿತ್ತು. ಖುದಾನ್ನ ಕೇಳ್ದೆ, ನನ್ನ ಕಣ್ಣು ಕಿತ್ಕೋ ಅಂತ ಕೇಳ್ದೆ!"

ದೇವಯ್ಯ ಅವನನ್ನು ಎಳೆದುಕೊಂಡು ಹೋದ.

ತಿರುಗಿ ನೋಡಿದಾಗ ಬೇಲಿಯಾಚೆ ಶಿವನಂಜಮ್ಮ ಇರಲಿಲ್ಲ.

ಫೆಬ್ರವರಿ ೭, ಬುಧವಾರ

ನಿನ್ನೆ ಮನೆಗೆ ಬಂದಾಗ ನಂಜಣ್ಣ ಗಂಟು ಕಟ್ಟಿಕೊಂಡು ರಾವಂದೂರಿಗೆ ಹೋಗಿಯಾಗಿತ್ತು. ಶಿವನಂಜಮ್ಮ ಅಡಿಗೆಮನೆಯಲ್ಲಿ ರಾಗಿ ಕೇರುತ್ತಿದ್ದಳು. ಅವಳ ಮುಂದೆ ಕೂತು ಎಲ್ಲ ಮತ್ತೆ ಮೊದಲಿನಿಂದ ಹೇಳಿದೆ. ಮೊರ ನಿಲ್ಲಿಸದೆ ಕೇಳಿದಳು.

"ಗೊತ್ತು," ಎಂದಳು.

"ಅಲ್ಲಿ ಕೇಳಿಸಿಕೊಂಡೆಯಲ್ಲ."

"ಇವತ್ತಲ್ಲ. ಅವನ್ನ ಮನೇಗೆ ತಂದ್ರಲ್ಲ, ಅವತ್ತೇ. ಅಮ್ಮಾ, ನನ್ದು ಒಣಗಿಲ್ಲ ಅಂದ. ಅಪ್ಪನ್ದು ಹಾಕ್ಕೊಂಡು ಹೋಗು ಅಂತ ನಾನೇ ಗಳದಿಂದ ತೆಗ್ದು ಅವನ ಹೆಗಲ್ಗೆ ಹಾಕ್ದೆ. ಅದೇ ಅವನ ಮೊಕದ ಮೇಲೆ ಬಂತು. ನನ್ನ ವಲ್ಲೀಲಿ ಮುಚ್ದೆ, ನನ್ನ ವಲ್ಲೀಲಿ ಮುಚ್ದೆ ಅಂತ ನೀವು ಬಡ್ಕಂತಿದ್ರಿ. ನಿಮ್ಗೆ ಅದು ಎಲ್ಲಿ ಸಿಕ್ತು ಅಂತ ನಾನು ಯೋಚ್ನೆ ಮಾಡ್ಬಾರ್ದಾ?"

"ಹಂಗಾದ್ರೆ ಜಬ್ಬಾರನ್ನ ಯಾಕೆ ಅಷ್ಟು ಶಪಿಸಿದೆ?"

"ಇನ್ಯಾರ್ನ ಶಪಿಸ್ಲಿ? ನಿಮ್ಮನ್ನಾ?" ಮೊರ ಕೆಳಗಿಟ್ಟಳು. "ಅವನ ಮೇಲೆ ಹಾಕಿದ್ರೆ ನೀವು ಬದುಕ್ಕಂತೀರಿ ಅನ್ಕಂಡೆ. ಎಲ್ಲಾ ಸರ್ಯಾಗಿ ನಡೀತಿತ್ತು. ಹೋಗಿ ಬಾಯಿ ಬುಟ್ರಿ. ಇನ್ಮೇಲೆ ನನ್ನ ಮಗನ ಹೆಸ್ರು ಯಾರು ಎತ್ತಿದ್ರೂ ಹಿಂದೇನೇ ನಿಮ್ಮ ಹೆಸ್ರು ಬತ್ತದೆ. ತೃಪ್ತಿ ಆಯ್ತಾ?"

ಹಿಟ್ಟು ತೊಳೆಸಿ ಮುದ್ದೆ ಮಾಡಿ ತಟ್ಟೆಗೆ ಹಾಕಿ ದೂರದಿಂದ ನೂಕಿದಳು. ಇವತ್ತೂ ಅಷ್ಟೆ.

ಫೆಬ್ರವರಿ ೧೦, ಶನಿವಾರ

ಮೂರು ದಿನ ಜಿಂಕೆ ದೊಡ್ಡಿ ಬಿಟ್ಟು ಕದಲಲಿಲ್ಲ. ಹುಲಿ ಮನೆಯ ಅಂಗಳ ಗುಡಿಸುವುದು ನನ್ನಿಂದಾಗದು ಎಂದು ದೇವಯ್ಯನಿಗೆ ಹೇಳಿದ್ದೆ. ಬೇರೆ ಯಾರೂ ಒಪ್ಪಲಿಲ್ಲ. ಮೂರು ದಿನದಿಂದ ಹುಲಿ ಕತ್ತಲೆ ಕೋಣೆಯಲ್ಲೇ ಇದೆ, ತಿನ್ನುವುದು ಬಿಟ್ಟಿದೆ. ಹೀಗೇ ಬಿಟ್ಟರೆ ಮೈಸೂರಿಗೆ ಹೋಗುವ ಮೊದಲೇ ಸಾಯುತ್ತದೆ.

ಬೆಳಿಗ್ಗೆ ಜಬ್ಬಾರ್ ನನ್ನ ಹತ್ತಿರ ಬಂದ. ಕೈಯಲ್ಲಿ ಪೊರಕೆ. ವಿಚಾರಣೆಯ ದಿನದಿಂದ ಇಬ್ಬರೂ ಮಾತಾಡಿರಲಿಲ್ಲ.

"ನಾನು ಒಳೀಕೆ ಹೋಗ್ತೀನಿ. ನೀನು ಹಗ್ಗದ ಹತ್ರ ನಿಂತ್ಕೋ."

"ನಾನು ಬೇಡ ಕಣೋ. ದೇವಯ್ಯನ್ನ ಕರ್ಕೋ."

"ದೇವಯ್ಯನ್ಗೆ ಅರ್ಧ ತಾಸಿಗೆ ಒಂದು ಸಲ ಬೀಡಿ ಬೇಕು. ನೀನೇ ಬಾ. ನಿನ್ನ ಮೇಲೆ ಪ್ರೀತಿ ಉಕ್ಕಿ ಕರೀತಿಲ್ಲ, ತಿಳ್ಕೋ. ನಿನ್ನ ಮೊಕ ನೋಡಿದ್ರೆ ನಂಗೆ ಇನ್ನೂ ಉರೀತದೆ. ಆದ್ರೆ ಈ ದೊಡ್ಡೀಲಿ ಇನ್ನೊಬ್ಬರ ಬಟ್ಟೆ ಮುಟ್ಟದೆ ಇರೋ ಆಳು ಅಂತ ಈಗ ನೀನೊಬ್ನೇ ಇರಾದು."

ಹೋದೆ. ಅವನು ತಲೆಯ ಬಟ್ಟೆ ಬಿಚ್ಚಿ ಕಟ್ಟಿದ. ಒಂದೇ ಗಂಟು ಹಾಕಿದ. ನನ್ನ ಕಡೆ ನೋಡದೆ ಗೋಡೆ ಸುತ್ತಿ ಹೋದ.

ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಗೋಡೆಯಾಚೆ ಪೊರಕೆಯ ಸದ್ದು ಕೇಳುತ್ತಿತ್ತು. ನಡುವೆ ನಿಂತಿತು. ಮತ್ತೆ ಶುರುವಾಯಿತು. ಗುಡಿಸುವ ಅಭ್ಯಾಸವಿಲ್ಲದವನು, ಬಹಳ ಹೊತ್ತು ತೆಗೆದುಕೊಂಡ. ಗುರುಮಲ್ಲ ಇದರ ಅರ್ಧ ಹೊತ್ತಿನಲ್ಲಿ ಮುಗಿಸುತ್ತಿದ್ದ.

ಜಬ್ಬಾರ್ ಹೊರಗೆ ಬಂದು ಬಟ್ಟೆ ಬಿಚ್ಚಿ ತಲೆಗೆ ಸುತ್ತಿಕೊಂಡ.

"ಎತ್ತು ಬಾಗ್ಲು."

"ನೀನೇ ಎತ್ತು. ನನ್ನ ಕೈಲಾಗಲ್ಲ."

"ನನ್ನ ಕೈಲೂ ಆಗ್ತಿರ್ಲಿಲ್ಲ. ಅವತ್ತಿನ ಮಾರ್ನೆ ದಿನಾನೂ ಎತ್ತಿದ್ದೀನಿ. ಅದರ ಮಾರ್ನೆ ದಿನಾನೂ. ನೀನು ಕಾಲ ಬುಡದಲ್ಲಿ ಉಗೀತಿದ್ದಾಗ್ಲೂ ಎತ್ತಿದ್ದೀನಿ. ಎತ್ತು."

ಹಗ್ಗ ಹಿಡಿದೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅದನ್ನು ಎಳೆದವನಲ್ಲ ನಾನು. ಅಷ್ಟು ಭಾರ ಇರುತ್ತದೆ ಎಂದು ಗೊತ್ತಿರಲಿಲ್ಲ. ಮೊದಲ ಸಲ ಹಲಗೆ ಒಂದು ಗೇಣು ಎದ್ದು ಕೂತಿತು. ಜಬ್ಬಾರ್ ಕೈ ಹಾಕಲಿಲ್ಲ. ಪಕ್ಕದಲ್ಲೇ ನಿಂತಿದ್ದ. ಇನ್ನೊಮ್ಮೆ ಎಳೆದೆ. ಆಚೆ ಕಡೆ ಹುಲಿ ಎದ್ದು ಬಿಸಿಲಿಗೆ ನಡೆದು ಹೋಗುತ್ತಿರುವುದು ಕೇಳಿಸಿತು.

"ಹಿಡ್ಕೋ, ಬುಡ್ಬೇಡ," ಎಂದ. "ಪೂರಾ ಹೋಗ್ಲಿ."

ಹಿಡಿದುಕೊಂಡೆ.